ಉಮೇದು ಎಂದರೆ ಬರೀ ಉತ್ಸಾಹವೇ?

ನಿವೃತ್ತ ಕನ್ನಡ ಶಿಕ್ಷಕಿ, ಸಾಗರ:

ನಮ್ಮೂರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಕರಪತ್ರ ಬರೆದುಕೊಡುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಈ ಸಲ ಕೊನೆಯ ಸಾಲು ಹೀಗಿತ್ತು: "ಮಕ್ಕಳು ಎರಡು ತಿಂಗಳಿಂದ ಉಮೇದಿನಿಂದ ತಯಾರಿ ನಡೆಸಿದ್ದಾರೆ, ತಾವೆಲ್ಲರೂ ಬಂದು ಹರಸಬೇಕು." ಮುದ್ರಣಾಲಯದಿಂದ ಕರಡು ಬಂದಾಗ "ಉಮೇದಿನಿಂದ" ಹೋಗಿ "ಉತ್ಸಾಹದಿಂದ" ಎಂದಾಗಿತ್ತು. ಫೋನ್ ಮಾಡಿ ಕೇಳಿದೆ. ಅಕ್ಷರ ಜೋಡಿಸುವ ಹುಡುಗ ವಿನಯದಿಂದಲೇ ಹೇಳಿದ: "ಟೀಚರ್, ಉಮೇದು ಎಂದರೆ ಚುನಾವಣೆಗೆ ನಿಲ್ಲುವುದಲ್ಲವೇ? ಮಕ್ಕಳ ಕಾರ್ಯಕ್ರಮಕ್ಕೆ ಅದು ಹೊಂದುವುದಿಲ್ಲ ಎಂದು ಬದಲಾಯಿಸಿದೆ."

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಎರಡು ದಿನದಿಂದ ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಬೆಳೆದ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತಿದ್ದ ಪದ ಅದು. ನಮ್ಮ ಅಮ್ಮಮ್ಮ ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಎದ್ದವರೇ ಅಂಗಳಕ್ಕೆ ಬಂದು ಆಕಾಶ ನೋಡುತ್ತಿದ್ದರು. ಮೋಡದ ಸುಳಿವಿಲ್ಲ ಎಂದು ಖಾತ್ರಿಯಾದರೆ "ಇವತ್ತು ಹಪ್ಪಳಕ್ಕೆ ಉಮೇದಿ ಬಂತು" ಎನ್ನುತ್ತಿದ್ದರು. ಅಷ್ಟು ಹೇಳಿದರೆ ಸಾಕು. ಹಲಸಿನಕಾಯಿ ಇಳಿಸಲು ಒಬ್ಬರು, ತೊಳೆ ಬಿಡಿಸಲು ನಾಲ್ವರು, ಒರಳಿನ ಮುಂದೆ ಇಬ್ಬರು. ಹೊತ್ತು ಏರುವಷ್ಟರಲ್ಲಿ ಅಂಗಳದ ಚಾಪೆಯ ತುಂಬ ಹಪ್ಪಳದ ಸಾಲು. ಮೋಡ ಕಟ್ಟಿದ ದಿನ ಅದೇ ಅಮ್ಮಮ್ಮ "ಇವತ್ತು ಉಮೇದಿಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಮೈಯಲ್ಲಿ ಕಸುವು ಕಡಿಮೆಯಾಗಿರಲಿಲ್ಲ, ಕೆಲಸದ ಮೇಲೆ ಬೇಸರವೂ ಬಂದಿರಲಿಲ್ಲ. ಹಾಗಾದರೆ ಮೋಡದ ದಿನ ಅವರಲ್ಲಿ ಇಲ್ಲದೇ ಹೋಗುತ್ತಿದ್ದದ್ದು ಏನು? ಅದನ್ನು "ಉತ್ಸಾಹ" ಎಂದು ಬದಲಾಯಿಸಿ ಬರೆದರೆ ಅಮ್ಮಮ್ಮನ ಮಾತು ಉಳಿಯುತ್ತದೆಯೇ?

ಪದ ಎಲ್ಲಿಂದ ಬಂತು, ನಿಮ್ಮ ಊರಿನಲ್ಲಿ ಹೇಗೆ ಬಳಸುತ್ತೀರಿ, ಹುರುಪು, ಹುಮ್ಮಸ್ಸುಗಳಿಗೂ ಇದಕ್ಕೂ ವ್ಯತ್ಯಾಸ ಏನು, ತಿಳಿದವರು ಬರೆಯಿರಿ. ಕರಪತ್ರ ಮುದ್ರಣಕ್ಕೆ ಹೋಗಲು ಇನ್ನೂ ನಾಲ್ಕು ದಿನ ಇದೆ.

ಗೃಹಿಣಿ, ಕೊಪ್ಪ:

ನಮ್ಮ ಕಡೆಯೂ ಉಮೇದಿ ಎಂದೇ ಹೇಳುವುದು ಅಕ್ಕಾ. ಉಮೇದು ಎಂದು ಬರೆದದ್ದು ನೋಡಿದರೆ ಸ್ವಲ್ಪ ಪೇಟೆಯದು ಎನ್ನಿಸುತ್ತದೆ, ಅರ್ಥ ಒಂದೇ. ಒಂದು ವಿಷಯ ಗಮನಿಸಿದ್ದೀರಾ? ಉಮೇದಿ ಬರುತ್ತದೆ, ಹತ್ತುತ್ತದೆ, ಏರುತ್ತದೆ, ಇಳಿಯುತ್ತದೆ. "ನಾನು ಉಮೇದಿ ಮಾಡಿದೆ" ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. "ನನಗೆ ಉಮೇದಿ ಬಂತು" ಎನ್ನುತ್ತೇವೆ, ನಿದ್ದೆ ಬಂತು, ನೆನಪು ಬಂತು ಎನ್ನುವ ಹಾಗೆ.

ಬಟ್ಟೆ ವ್ಯಾಪಾರಿ, ಶಿವಮೊಗ್ಗ:

ಟೀಚರ್, ನಮಸ್ಕಾರ. ನನ್ನ ಮನೆಮಾತು ಉರ್ದು, ಓದಿದ್ದು ಕನ್ನಡ ಮಾಧ್ಯಮದಲ್ಲಿ, ವ್ಯಾಪಾರ ಗಾಂಧಿ ಬಜಾರಿನಲ್ಲಿ. ಹಾಗಾಗಿ ಈ ಪದ ನನಗೆ ಎರಡು ಬಾಗಿಲಿನಿಂದ ಪರಿಚಯ. ಅಂಗಡಿಯಲ್ಲಿ ಗಿರಾಕಿ "ಈ ಸಲ ಹಬ್ಬಕ್ಕೆ ಉಮೇದೇ ಇಲ್ಲ ಸಾಹೇಬರೇ" ಎಂದರೆ ಹುರುಪಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಮನೆಗೆ ಹೋದ ಮೇಲೆ ಅದೇ ಪದ "ಉಮ್ಮೀದ್". ಅಲ್ಲಿ ಅದಕ್ಕೆ ಹುರುಪು ಎಂಬ ಅರ್ಥವಿಲ್ಲ. ಭರವಸೆ, ನಿರೀಕ್ಷೆ, ಒಳ್ಳೆಯದಾಗುತ್ತದೆ ಎಂಬ ನಂಬಿಕೆ, ಇಷ್ಟೇ.

ಮೂಲ ಪಾರಸಿ ಭಾಷೆಯದು. ಇಂದಿನ ಇರಾನಿನಲ್ಲಿ "ಓಮೀದ್" ಎನ್ನುತ್ತಾರೆ, ಮಕ್ಕಳಿಗೆ ಹೆಸರಾಗಿಯೂ ಇಡುತ್ತಾರೆ. ಹಳೆಯ ಪಾರಸಿ ಉಚ್ಚಾರಣೆಯಲ್ಲಿ ನಡುವೆ ಇದ್ದದ್ದು ಈಕಾರವಲ್ಲ, ಏಕಾರ. ಇರಾನಿನವರು ಅದನ್ನು ಬಿಟ್ಟರು, ಹಿಂದಿಯಲ್ಲೂ ಈಗ "ಉಮ್ಮೀದ್" ಎಂದೇ ರೂಢಿ. ಆದರೆ ಕನ್ನಡದ "ಉಮೇದು" ಆ ಹಳೆಯ ಏಕಾರವನ್ನು ಇವತ್ತಿಗೂ ಹಿಡಿದುಕೊಂಡಿದೆ. ಈ ಸಂಗತಿ ತಿಳಿದ ದಿನ ನನಗೆ ಆದ ಸಂತೋಷ ಹೇಳಲಾರೆ.

ಇನ್ನೊಂದು ಮಾತು. ಉರ್ದುವಿನಲ್ಲಿ ಹೆಣ್ಣುಮಗಳು ಗರ್ಭಿಣಿಯಾದರೆ "ಉಮ್ಮೀದ್ ಸೇ ಹೈ" ಎನ್ನುತ್ತಾರೆ. ಭರವಸೆಯಿಂದ ಇದ್ದಾಳೆ ಎಂದು ಅಕ್ಷರಶಃ ಅರ್ಥ. ನನ್ನ ಮಗಳ ವಿಷಯವನ್ನು ನಮ್ಮ ತಾಯಿ ನನಗೆ ತಿಳಿಸಿದ್ದು ಇದೇ ಮಾತಿನಲ್ಲಿ, ದನಿ ತಗ್ಗಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು. ನಿಮ್ಮ ಅಮ್ಮಮ್ಮ ಅಂಗಳದಲ್ಲಿ ನಿಂತು ಆಕಾಶ ನೋಡಿದ್ದನ್ನು ಓದಿದಾಗ ಅದು ನೆನಪಾಯಿತು.

ಬ್ಯಾಂಕ್ ಉದ್ಯೋಗಿ, ಊರು ತೀರ್ಥಹಳ್ಳಿ, ಸದ್ಯ ಬೆಳಗಾವಿ:

ಸಾಹೇಬರು ಹೇಳಿದ ಭರವಸೆ ನಮ್ಮ ಹುರುಪಾದದ್ದು ಹೇಗೆ ಎಂಬುದಕ್ಕೆ ಸೇತುವೆ ಮರಾಠಿಯಲ್ಲಿ ಕಾಣುತ್ತದೆ. ಇಲ್ಲಿಗೆ ವರ್ಗವಾಗಿ ಬಂದ ಮೇಲೆ ನಾನು ಕಲಿತದ್ದು. ಮರಾಠಿಯಲ್ಲೂ ಪದ "ಉಮೇದ್", ನಮ್ಮ ಹಾಗೆಯೇ ಒಂದೇ ಮಕಾರ. ಆಸೆ ಎಂಬ ಅರ್ಥ ಇದೆ, ಅದರ ಪಕ್ಕದಲ್ಲೇ ಧೈರ್ಯ, ಉತ್ಸಾಹ ಎಂಬ ಅರ್ಥಗಳೂ ಇವೆ. ಒಬ್ಬರ ಹರೆಯದ, ಏನಾದರೂ ಸಾಧಿಸಬಲ್ಲ ಕಾಲವನ್ನು ಅವರು "ಉಮೇದೀಚಾ ಕಾಳ" ಎನ್ನುತ್ತಾರೆ. ಮುಂದೆ ದಾರಿ ಉದ್ದವಿದೆ, ಕಾಲಿನಲ್ಲಿ ಬಲವೂ ಇದೆ, ಎರಡೂ ಆ ಒಂದು ಮಾತಿನಲ್ಲಿ ಸೇರಿವೆ. ನಾವು ಮುಂದಿನ ಹೆಜ್ಜೆ ಇಟ್ಟು ಆಸೆ ಎಂಬ ಅರ್ಥವನ್ನು ಹಿಂದಕ್ಕೆ ಸರಿಸಿದೆವು, ಹುರುಪನ್ನು ಮುಂದಕ್ಕೆ ತಂದೆವು.

ಕಂದಾಯ ಇಲಾಖೆಯ ನಿವೃತ್ತ ನೌಕರ, ಹೊಸನಗರ:

ಮುದ್ರಣಾಲಯದ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಅದಕ್ಕೆ ನಮ್ಮ ನೆಲದ ಇತಿಹಾಸವೇ ಕಾರಣ.

ನಮ್ಮ ತಾಲ್ಲೂಕಿನ ನಗರ ಎಂಬ ಊರು ಹಿಂದೆ ಬಿದನೂರು, ಕೆಳದಿ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಹೈದರ್ ಹೋಯಿತು, ನಗರ ಉಳಿಯಿತು. ಟಿಪ್ಪುವಿನ ಆಡಳಿತದಲ್ಲಿ ಪಾರಸಿ ಕಾಗದಪತ್ರದ ಭಾಷೆಯಾಯಿತು. ಲೆಕ್ಕಪತ್ರದ ಮರಾಠಿಯೂ ಮೈಸೂರು ಸೀಮೆಯಲ್ಲಿ ಬಹುಕಾಲ ನಡೆಯಿತು. ತಹಶೀಲ್ದಾರ, ಶಿರಸ್ತೇದಾರ, ಜಮೀನು, ದರಖಾಸ್ತು, ಹುಕುಂ, ನಾನು ಮೂವತ್ತು ವರ್ಷಕ್ಕೂ ಮೀರಿ ಬರೆದ ಕಡತಗಳ ಅರ್ಧ ಪದಗಳು ಈ ದಾರಿಯವು. "ಉಮೇದುವಾರ" ಅದೇ ದಾರಿಯದು. ಉಮೇದು ಉಳ್ಳವನು, ಆಸೆ ಇಟ್ಟುಕೊಂಡು ನಿಂತವನು.

ಈಗ ಉಮೇದುವಾರ ಎಂದರೆ ಚುನಾವಣೆ ಮಾತ್ರ ನೆನಪಾಗುತ್ತದೆ. ಮೊದಲು ಹಾಗಿರಲಿಲ್ಲ. ಇಲ್ಲಿನ ಇಂಗ್ಲಿಷರು ಬಳಸುತ್ತಿದ್ದ ಭಾರತೀಯ ಪದಗಳನ್ನು ವಿವರಿಸುವ, 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಪದಕೋಶ ಇದನ್ನು ಸೇರಿಸಿಕೊಂಡಿದೆ. ನೌಕರಿಗಾಗಿ ಕಾದಿರುವವನು, ತಾನು ಕೊಟ್ಟ ಅರ್ಜಿಗೆ ಒಳ್ಳೆಯ ಉತ್ತರ ಬಂದೀತೆಂದು ಎದುರು ನೋಡುವವನು ಎಂದು ಅಲ್ಲಿ ಅರ್ಥ. ಕಚೇರಿಯ ಜಗಲಿಯಲ್ಲಿ ಕೈಯಲ್ಲಿ ಕಾಗದ ಹಿಡಿದು ನಿಂತವರೆಲ್ಲ ಉಮೇದುವಾರರೇ. ಆಮೇಲೆ ಸಂಸ್ಕೃತದ "ಅಭ್ಯರ್ಥಿ" ಬಂತು. ಅದರಲ್ಲಿ ಬೇಡುವುದು ಇದೆ, ಕೋರುವುದು ಇದೆ, ಆಸೆಯ ಬೆಳಕು ಇಲ್ಲ. ಇಂಗ್ಲಿಷಿನ ಕ್ಯಾಂಡಿಡೇಟ್ ಪದವೋ ಲ್ಯಾಟಿನ್ನಿನ "ಬಿಳಿ" ಎಂಬ ಪದದಿಂದ ಹುಟ್ಟಿದ್ದು. ಪ್ರಾಚೀನ ರೋಮಿನಲ್ಲಿ ಪದವಿ ಕೇಳುವವರು ಸುಣ್ಣದ ಬಿಳುಪಿನ ನಿಲುವಂಗಿ ತೊಟ್ಟು ಬರುತ್ತಿದ್ದರು. ಅವರು ಬಟ್ಟೆಯನ್ನು ನೋಡಿ ಹೆಸರಿಟ್ಟರು, ನಮಗೆ ಬಂದ ಪದ ಎದೆಯೊಳಗಿನದನ್ನು ನೋಡಿ ಇಟ್ಟದ್ದು. ಮೂರರಲ್ಲಿ ನನಗೆ ನಮ್ಮದೇ ಹೆಚ್ಚು ಪ್ರೀತಿ.

ಗೇಣಿದಾರರ ಮೊಮ್ಮಗ, ಸಾಗರ ತಾಲ್ಲೂಕು:

ಹಿರಿಯರು ಕಚೇರಿಯ ಜಗಲಿ ಎಂದದ್ದಕ್ಕೆ ಬರೆಯದೇ ಇರಲಾರೆ.

ನಮ್ಮ ಅಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. 1951ರ ಕಾಗೋಡು ಸತ್ಯಾಗ್ರಹ ನಡೆದಾಗ ಅವರಿಗೆ ಹರೆಯ. ಧಣಿಗಳ ಮನೆಯಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಹುಟ್ಟಿದ ತಕರಾರು ಅದು. ಕೊಳಗ ಒಂದಿಷ್ಟು ದೊಡ್ಡದಾದರೆ ರೈತನ ಮಳೆಗಾಲದ ಗಂಜಿಗೆ ಅಷ್ಟು ಕಡಿಮೆ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು ಆಗಲೇ. ಅಜ್ಜ ಆ ದಿನಗಳ ಕಥೆ ಹೇಳುವಾಗ ನಾನು ಕೇಳಿದ್ದೆ: "ಹೆದರಿಕೆ ಆಗಲಿಲ್ಲವೇ ಅಜ್ಜಾ?" ಅವರು ಕೊಟ್ಟ ಉತ್ತರ: "ಹೆದರಿಕೆ ಇತ್ತು. ಉಮೇದಿಯೂ ಇತ್ತು."

ಆಗ ನನಗೆ ಅದು ಅರ್ಥವಾಗಿರಲಿಲ್ಲ. ಹೆದರಿಕೆ ಇರುವಲ್ಲಿ ಹುರುಪು ಹೇಗೆ ಇರುತ್ತದೆ ಎಂದುಕೊಂಡಿದ್ದೆ. ಶಿವಮೊಗ್ಗದ ಸಾಹೇಬರು ಬರೆದದ್ದನ್ನು ಓದಿದ ಮೇಲೆ ಈಗ ತಿಳಿಯುತ್ತಿದೆ. ಅಜ್ಜ ಹೇಳಿದ ಉಮೇದಿಯಲ್ಲಿ ಪಾರಸಿಯ ಅರ್ಥ ಇನ್ನೂ ಜೀವಂತವಾಗಿತ್ತು. ಗೆದ್ದೇವು ಎಂಬ ಆಸೆ, ಆ ಆಸೆ ಕಾಲಿಗೆ ಕೊಟ್ಟ ಬಲ. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಇಪ್ಪತ್ಮೂರು ವರ್ಷ ಕಳೆದಿತ್ತು. ಅಜ್ಜ ಗೇಣಿ ಗದ್ದೆಯ ಹಕ್ಕು ಕೋರುವ ಏಳನೇ ನಮೂನೆಯ ಅರ್ಜಿ ಹಿಡಿದು ಸಾಗರದ ಕಚೇರಿಗೆ ನಡೆದೇ ಹೋಗಿದ್ದರಂತೆ. ಬಸ್ಸಿಗೆ ಹಣ ಇರಲಿಲ್ಲವೇ ಎಂದು ಅಪ್ಪಯ್ಯನನ್ನು ಕೇಳಿದರೆ "ಹಣ ಇತ್ತು, ಕೂತುಕೊಂಡು ಹೋಗುವಷ್ಟು ತಾಳ್ಮೆ ಇರಲಿಲ್ಲ" ಎಂದರು. ಆ ಗದ್ದೆ ಈಗಲೂ ನಮ್ಮಲ್ಲಿದೆ.

ಎಂಜಿನಿಯರ್, ಭದ್ರಾವತಿ:

ಎಲ್ಲರ ಬರಹವನ್ನೂ ಗೌರವದಿಂದ ಓದಿದೆ. ಆದರೂ ನನ್ನ ಅಭಿಪ್ರಾಯ ಬೇರೆ. ಅಚ್ಚ ಕನ್ನಡದ ಪದಗಳು ಕೈಗೆ ಎಟಕುವಲ್ಲಿ ಇರುವಾಗ ಎರವಲು ಪದಕ್ಕೆ ಇಷ್ಟು ಹಂಬಲಿಸುವುದು ಬೇಕೇ? ಹುರುಪು ಇದೆ. "ಹುರಿದುಂಬು" ಎಂಬ ಸೊಗಸಾದ ಪದ ಇದೆ. ಹುರಿ ಎಂದರೆ ನಾರನ್ನು ಹೊಸೆದು ಮಾಡಿದ ಎಳೆ. ಹಳಗನ್ನಡದಲ್ಲಿ ಪುರಿ, ತಮಿಳಿನಲ್ಲೂ ಪುರಿ. ಪಾಲು ಹಾಲಾದ ಹಾಗೆ ಪುರಿ ಹುರಿಯಾಯಿತು. ಹುರಿ ಹಾಕಿದ ನಾರು ಗಟ್ಟಿ, ಆದ್ದರಿಂದ ಹುರಿ ಎಂದರೆ ಬಲ. ಹುರಿ ಮತ್ತು ತುಂಬು ಸೇರಿದಾಗ ತಕಾರಕ್ಕೆ ದಕಾರ ಬಂದು ಹುರಿದುಂಬು, ಬೆಟ್ಟದಾವರೆಯ ಹಾಗೆ ಆದೇಶ ಸಂಧಿ. ಕರಪತ್ರದಲ್ಲಿ "ಹುರುಪಿನಿಂದ" ಎಂದು ಹಾಕಿದರೆ ಮಗುವಿಗೂ ಅರ್ಥವಾಗುತ್ತದೆ.

ನಿವೃತ್ತ ಕನ್ನಡ ಶಿಕ್ಷಕಿ, ಸಾಗರ:

ಹುರಿಯ ವಿವರ ತುಂಬ ಚೆನ್ನಾಗಿದೆ, ಮುಂದೆ ಮಕ್ಕಳಿಗೆ ಸಂಧಿ ಹೇಳಿಕೊಡುವಾಗ ಇದನ್ನೇ ಉದಾಹರಣೆ ಕೊಡುತ್ತೇನೆ. ಆದರೆ ಪದದ ಹುಟ್ಟೂರು ನೋಡಿ ಒಳಗೆ ಹೊರಗೆ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ಉತ್ಸಾಹವೂ ಹೊರಗಿನಿಂದಲೇ ಬಂದದ್ದಲ್ಲವೇ? ಅದು ಸಂಸ್ಕೃತದ "ಸಹ್" ಎಂಬ ಧಾತುವಿನದು. ತಾಳಿಕೊಳ್ಳುವುದು, ಎದುರಿಸಿ ನಿಲ್ಲುವುದು ಎಂದು ಅದರ ಅರ್ಥ. ಸಹನೆ ಮತ್ತು ಉತ್ಸಾಹ ಒಂದೇ ತಾಯಿಯ ಮಕ್ಕಳು. ಭರತನ ನಾಟ್ಯಶಾಸ್ತ್ರದಲ್ಲಿ ವೀರರಸಕ್ಕೆ ಸ್ಥಾಯಿಭಾವ ಉತ್ಸಾಹ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜನಿಗೆ ಬೇಕಾದ ಮೂರು ಶಕ್ತಿಗಳಲ್ಲಿ ಪ್ರಭುಶಕ್ತಿ, ಮಂತ್ರಶಕ್ತಿಗಳ ಜೊತೆ ಉತ್ಸಾಹಶಕ್ತಿ ಒಂದು. ಅದು ದೊಡ್ಡ ಪದ, ಕತ್ತಿ ಹಿಡಿದು ನಿಂತ ಪದ. ಹಪ್ಪಳದ ಅಂಗಳಕ್ಕೆ ಅದನ್ನು ಕರೆದರೆ ಬಂದೀತು, ಆದರೆ ನೆಂಟರ ಹಾಗೆ ಕುರ್ಚಿಯ ಮೇಲೆ ಕೂರುತ್ತದೆ.

ಹುರುಪು ಈ ಕ್ಷಣದ್ದು, ಮೈಗೆ ಸೇರಿದ್ದು. ಕರುವಿಗೂ ಹುರುಪು ಇರುತ್ತದೆ. ಹುಮ್ಮಸ್ಸು ಅದಕ್ಕಿಂತ ಒಂದು ಪಟ್ಟು ಹೆಚ್ಚು, ಉಕ್ಕಿ ಬರುವುದು, ಹರೆಯದವರದ್ದು. ಕರುವಿಗೆ ಉಮೇದು ಇದೆ ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ? ನಾಳೆ ಎಂಬುದು ಗೊತ್ತಿರುವವರಿಗೆ ಮಾತ್ರ ಆ ಪದ ಸಲ್ಲುತ್ತದೆ.

ಬಡಗಿ, ತೀರ್ಥಹಳ್ಳಿ:

ನಮಗೆ ಸಂಧಿ ಸಮಾಸ ಬಾರದು ಟೀಚರ್. ಮರ ಗೊತ್ತು. ನೀವು ಯಾರೂ "ಕೆಚ್ಚು" ಎಂಬ ಪದ ಎತ್ತಲಿಲ್ಲ ಎಂದು ಬರೆಯುತ್ತಿದ್ದೇನೆ.

ಹಲಸಿನ ದಿಮ್ಮಿ ಕೊಯ್ದರೆ ಹೊರಗೆ ಬೆಳ್ಳಗಿನ ಭಾಗ, ಒಳಗೆ ಹಳದಿ ಭಾಗ. ಆ ಹಳದಿಯೇ ಕೆಚ್ಚು. ಕೊಯ್ದ ದಿನ ಅರಿಸಿನದ ಹಾಗೆ ಹೊಳೆಯುತ್ತದೆ, ವರ್ಷ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಳಿ ಭಾಗವನ್ನು ಹುಳ ತಿಂದು ಹಿಟ್ಟು ಮಾಡುತ್ತದೆ, ಕೆಚ್ಚಿಗೆ ಬಂದು ನಿಲ್ಲುತ್ತದೆ. ನಮ್ಮ ಅಪ್ಪಯ್ಯ ಬಾಗಿಲಿನ ದಾರಂದಕ್ಕೆ ಬಿಳಿ ಭಾಗ ಒಂದು ಬೆರಳಿನಷ್ಟು ಸೇರಿದರೂ ಬಿಡುತ್ತಿರಲಿಲ್ಲ. ಮನುಷ್ಯನ ಧೈರ್ಯಕ್ಕೂ ಕೆಚ್ಚು ಎನ್ನುವುದು ಇದೇ ಕಾರಣಕ್ಕೆ, ಕೆಚ್ಚೆದೆ ಎಂಬ ಮಾತು ಹುಟ್ಟಿದ್ದೂ ಹಾಗೆಯೇ. ಎಳೆಯ ಮರದಲ್ಲಿ ಕೆಚ್ಚು ಇರುವುದಿಲ್ಲ, ವರ್ಷ ಬೇಕು. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ನಿಂತರಲ್ಲ, 1943ರಲ್ಲಿ ಐವರು ಗಲ್ಲಿಗೇರಿದರಲ್ಲ, ಅವರದನ್ನು ಉಮೇದು ಎಂದರೆ ಕಡಿಮೆಯಾಗುತ್ತದೆ. ಅದು ಕೆಚ್ಚು.

ಡೊಳ್ಳು ಕಲಾವಿದ, ಸಾಗರ ತಾಲ್ಲೂಕು:

ಬಡಗಿ ಅಣ್ಣನ ಮಾತು ಎದೆಗೆ ತಾಗಿತು. ನಾನು ಇನ್ನೊಂದು ಪದ ಸೇರಿಸುತ್ತೇನೆ, "ಆವೇಶ". ಜನ ನಮ್ಮ ಕುಣಿತ ನೋಡಿ "ಏನು ಆವೇಶ!" ಎಂದು ಹೊಗಳುತ್ತಾರೆ. ಹೊಗಳಿಕೆ ಎಂದು ತೆಗೆದುಕೊಳ್ಳುತ್ತೇವೆ, ಆದರೆ ನಮ್ಮ ಗುರುಗಳು ಆ ಪದವನ್ನು ತಂಡದ ಒಳಗೆ ಬಿಡುತ್ತಿರಲಿಲ್ಲ. ಆವೇಶ ಎಂದರೆ ಒಳಹೊಕ್ಕದ್ದು. ಮೈಮೇಲೆ ದೇವರು ಬರುವವರಿಗೆ ಅದು ಬರಬೇಕು. ಹನ್ನೆರಡು ಜನ ವೃತ್ತದಲ್ಲಿ ಹೆಜ್ಜೆ ಹಾಕುವಾಗ ಒಬ್ಬನಿಗೆ ಆವೇಶ ಬಂದರೆ ಅವನ ಕೋಲು ತಾಳಕ್ಕಿಂತ ಮುಂದೆ ಓಡುತ್ತದೆ, ಪಕ್ಕದವನ ಹೆಜ್ಜೆ ತಪ್ಪುತ್ತದೆ, ಅಲ್ಲಿಂದ ವೃತ್ತವೇ ಕದಡುತ್ತದೆ. ಬಲಗೈಯ ಕೋಲು, ಎಡಗೈಯ ಅಂಗೈ, ಎರಡೂ ಕಿವಿಯ ಮಾತು ಕೇಳಬೇಕು. ಅದಕ್ಕೆ ಬೇಕಾದದ್ದು ಹುರುಪು, ಮೈಮರೆವಲ್ಲ.

ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಗೆಳೆಯರೊಬ್ಬರು ಹೇಳಿದರು, ಎಂಥುಸಿಯಾಸಂ ಎಂಬ ಪದ ಗ್ರೀಕರದಂತೆ, ದೇವರು ಒಳಗೆ ಇರುವುದು ಎಂದು ಅದರ ಮೂಲಾರ್ಥವಂತೆ. ಅಂದರೆ ಅದು ನಮ್ಮ ಆವೇಶವೇ. ಅವರಲ್ಲಿ ದೇವರು ನಿಧಾನವಾಗಿ ಹೊರಟು ಹೋಗಿ ಬರೀ ಹುಮ್ಮಸ್ಸು ಉಳಿಯಿತು, ನಮ್ಮಲ್ಲಿ ಆ ಪದಕ್ಕೆ ಇನ್ನೂ ಮೈ ನಡುಗುತ್ತದೆ.

ನಾಟಕ ಆಡುವವಳು, ಹೆಗ್ಗೋಡಿನ ಹತ್ತಿರದ ಹಳ್ಳಿ:

ಚಿಕ್ಕದಾಗಿ ಹೇಳುತ್ತೇನೆ. ಹವ್ಯಾಸಿ ತಂಡಗಳಲ್ಲಿ ಉಮೇದು ದಿನನಿತ್ಯದ ಪದ. ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಈಗಿನ ನೀನಾಸಂ, 1949ರಲ್ಲಿ ಹೆಗ್ಗೋಡಿನಲ್ಲಿ ಶುರುವಾದದ್ದು ಹಳ್ಳಿಯ ಗೆಳೆಯರ ಉಮೇದಿನಿಂದಲೇ ಎಂದು ನಮ್ಮ ಹಿರಿಯರು ಹೇಳುತ್ತಾರೆ. "ಉತ್ಸಾಹದಿಂದ" ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಭತ್ತದ ಒಕ್ಕಣೆ ಮುಗಿಸಿ ರಾತ್ರಿ ತಾಲೀಮಿಗೆ ಬರುವವರಿಗೆ ಮೈಯಲ್ಲಿ ಹುರುಪು ಉಳಿದಿರುವುದಿಲ್ಲ. ಪ್ರದರ್ಶನದ ದಿನ ಚೆನ್ನಾಗಿ ಆಗುತ್ತದೆ ಎಂಬ ಒಂದು ಆಸೆ ಅವರನ್ನು ಎಳೆದು ತರುತ್ತದೆ.

ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು:

ಮೂರು ದಿನದಿಂದ ಎಲ್ಲವನ್ನೂ ಓದುತ್ತಿದ್ದೇನೆ. ಹಗಲು ಅಡಿಕೆ ಕೊನೆ (ಗೊನೆ) ಕೊಯ್ಲು, ರಾತ್ರಿ ಸುಲಿಯುವವರ ಜೊತೆ ಕೂರಬೇಕು, ಬರೆಯಲು ಆಗಿರಲಿಲ್ಲ.

ನಮ್ಮ ಕಡೆ ಎಲೆಚುಕ್ಕೆ ರೋಗ ಬಂದದ್ದು ನಿಮಗೆಲ್ಲ ಗೊತ್ತು. ಕೊಳೆರೋಗ ನಮಗೆ ಹಳೆಯ ಶತ್ರು, ಅದರ ಜೊತೆ ಬದುಕುವುದನ್ನು ತಂದೆ ತಾತ ಕಲಿಸಿದ್ದಾರೆ. ಅದಕ್ಕೆ ಸಿಂಪಡಿಸುವ ಔಷಧಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿಯುತ್ತಾ ಕಲಕಬೇಕು. ಆಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು. ಈ ಕತ್ತಿ ನೋಡುವ ಕೆಲಸ ನಮ್ಮ ಮನೆಯಲ್ಲಿ ನನ್ನದು, ಹನ್ನೆರಡನೇ ವಯಸ್ಸಿನಿಂದ.

ಎಲೆಚುಕ್ಕೆ ಬೇರೆ ರೀತಿ. ಮೊದಲು ಕೆಳಗಿನ ಹೆಡಲಿನಲ್ಲಿ, ಅಂದರೆ ಸೋಗೆಯಲ್ಲಿ, ಸಾಸಿವೆಯಷ್ಟು ಕಂದು ಚುಕ್ಕೆ, ಸುತ್ತ ಹಳದಿ ಉಂಗುರ. ತಿಂಗಳು ಕಳೆಯುವುದರಲ್ಲಿ ಚುಕ್ಕೆಗಳು ಕೂಡಿಕೊಂಡು ಹೆಡಲೇ ಒಣಗಿ ಜೋತು ಬೀಳುತ್ತದೆ. ಕಳೆದ ಮಳೆಗಾಲದಲ್ಲಿ ನಮ್ಮ ಮೇಲಿನ ತೋಟ ಸುಟ್ಟ ಹಾಗೆ ಕಂಡಿತು. ಆಗ ನಾನು ಮನೆಯವಳ ಹತ್ತಿರ ಹೇಳಿದ್ದು, "ತೋಟಕ್ಕೆ ಹೋಗುವ ಉಮೇದೇ ಇಲ್ಲ ಮಾರಾಯತಿ."

ಈ ಚರ್ಚೆ ಓದುತ್ತಾ ಆ ಮಾತು ನೆನಪಾಯಿತು. ನನಗೆ ಕೈಕಾಲು ಗಟ್ಟಿ ಇದ್ದವು. ಹುರುಪು ಇಲ್ಲ ಎಂದು ನಾನು ಹೇಳಲಿಲ್ಲ. ತೋಟ ಉಳಿಯುತ್ತದೆ ಎಂಬ ಆಸೆ ಹೋಗಿತ್ತು, ಅದನ್ನು ಹೇಳಿದ್ದೆ. ಪಾರಸಿ ಗೊತ್ತಿಲ್ಲದೇ ಪಾರಸಿಯ ಅರ್ಥದಲ್ಲೇ ಹೇಳಿದ್ದೆ. ಎಂ‍ಜಿನಿಯರ್ ಸಾಹೇಬರೇ, ತಪ್ಪು ತಿಳಿಯಬೇಡಿ, ಆ ಮಾತಿನಲ್ಲಿ ಹುರುಪು ಹಾಕಿ ನೋಡಿ, ಹುಮ್ಮಸ್ಸು ಹಾಕಿ ನೋಡಿ. ನನಗೆ ಆದದ್ದು ಅದರಲ್ಲಿ ಬರುವುದಿಲ್ಲ.

ಎಂಜಿನಿಯರ್, ಭದ್ರಾವತಿ:

ಹಾಕಿ ನೋಡಿದೆ ಯಜಮಾನರೇ. ಬರುವುದಿಲ್ಲ. ಒಪ್ಪಿದೆ.

ಮುದ್ರಣಾಲಯದ ಹುಡುಗ, ಸಾಗರ:

ಟೀಚರ್, ಕರಡು ಬದಲಾಯಿಸಿದವನು ನಾನೇ. ಗೆಳೆಯನೊಬ್ಬ ಈ ಚರ್ಚೆಯನ್ನು ಕಳುಹಿಸಿದ, ರಾತ್ರಿ ಕೂತು ಪೂರ್ತಿ ಓದಿದೆ. ನಿಮ್ಮನ್ನು ಕೇಳದೇ ತಿದ್ದಿದ್ದು ತಪ್ಪು, ಕ್ಷಮಿಸಿ. ನನ್ನ ಕಡೆಯ ಮಾತನ್ನೂ ಹೇಳುತ್ತೇನೆ. ನಾನು ದಿನಾ ಜೋಡಿಸುವ ಪುಟಗಳಲ್ಲಿ "ಉಮೇದುವಾರಿಕೆ ಸಲ್ಲಿಸಿದರು", "ಉಮೇದುವಾರಿಕೆ ಹಿಂಪಡೆದರು" ಎಂದು ಮಾತ್ರ ಈ ಪದ ಬರುತ್ತದೆ. ಮದುವೆ ಕಾಗದದಲ್ಲಿ ಇಲ್ಲ, ಜಾತ್ರೆಯ ಕರಪತ್ರದಲ್ಲಿ ಇಲ್ಲ. ಮನೆಯಲ್ಲಿ ಅಜ್ಜಿ ಇದ್ದಿದ್ದರೆ ಕೇಳಿರುತ್ತಿದ್ದೆನೋ ಏನೋ. ನಾವು ಜೊತೆಯವರು ಎಲ್ಲದಕ್ಕೂ "ಜೋಶ್" ಎನ್ನುತ್ತೇವೆ.

ಬಟ್ಟೆ ವ್ಯಾಪಾರಿ, ಶಿವಮೊಗ್ಗ:

ಜೋಶ್ ಕೂಡ ಪಾರಸಿಯೇ ತಮ್ಮಾ. ಕುದಿಯುವುದು ಎಂದು ಅರ್ಥ. ಅದೂ ಒಳ್ಳೆಯ ಪದ. ಆದರೆ ಕುದಿಯುವುದಕ್ಕೆ ಕೆಳಗೆ ಬೆಂಕಿ ಇರಬೇಕು, ಬೆಂಕಿ ತೆಗೆದರೆ ಆರುತ್ತದೆ. ನಿಮ್ಮ ಟೀಚರ್ ಬರೆದ ಮಕ್ಕಳು ಎರಡು ತಿಂಗಳು ತಯಾರಿ ನಡೆಸಿದ್ದಾರೆ. ಅದಕ್ಕೆ ಉಮೇದು ಸರಿ.

ನಿವೃತ್ತ ಕನ್ನಡ ಶಿಕ್ಷಕಿ, ಸಾಗರ:

ಕ್ಷಮೆ ಏನೂ ಬೇಡ ಮಗೂ. ನೀನು ತಿದ್ದದಿದ್ದರೆ ನಾನು ಈ ಪದವನ್ನು ಬರೆದೆನೆಂದು ಸಹ ಗಮನಿಸುತ್ತಿರಲಿಲ್ಲ. "ಉಮೇದಿನಿಂದ" ಎಂದೇ ಇರಲಿ. ಅಕ್ಷರ ಸ್ವಲ್ಪ ದೊಡ್ಡದು ಮಾಡು, ಕರಪತ್ರ ಓದುವವರಲ್ಲಿ ನನ್ನ ವಯಸ್ಸಿನವರು ಹೆಚ್ಚು.

ಹೊಸನಗರದ ಯಜಮಾನರೇ, ನಿಮ್ಮ ಮೇಲಿನ ತೋಟ ಈಗ ಹೇಗಿದೆ? ಅದನ್ನು ಬರೆಯದೇ ನಿಲ್ಲಿಸಿದಿರಿ.

ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು:

ಪೂರ್ತಿ ಹೋಗಿಲ್ಲ. ಒಣಗಿದ ಹೆಡಲುಗಳನ್ನು ಕಡಿಸಿ ಸುಡಿಸಿದೆವು. ಕೆಲವು ಮರಗಳ ಸುಳಿ ಹಸಿರಾಗಿ ಬರುತ್ತಿದೆ. ಹೋದ ಕಡೆ ಹೊಸ ಸಸಿ ಇಡಬೇಕು.

ಕೆಳಗಿನ ತೋಟದಲ್ಲಿ ರೋಗ ಮುಟ್ಟದ ನಾಲ್ಕು ಹಳೆಯ ಮರ ಇವೆ. ಉಳಿದ ಮರಗಳ ಕೊನೆ ಕೊಯ್ಸಿದರೂ ಆ ನಾಲ್ಕರದು ಹಣ್ಣಾಗಲು ಬಿಟ್ಟಿದ್ದೆ. ನಿನ್ನೆ ಇಳಿಸಿದೆವು. ಕೇಸರಿ ಬಣ್ಣಕ್ಕೆ ತಿರುಗಿದ ಹಣ್ಣುಗಳನ್ನು ಮನೆಯವಳು ಹಿತ್ತಲಿನ ನೀರಿನ ಬಾನಿಗೆ ಹಾಕಿದಳು. ತೊಟ್ಟು ಮೇಲೆ ಮಾಡಿ ನೆಟ್ಟಗೆ ತೇಲುವುದು ಬೀಜಕ್ಕೆ ಒಳ್ಳೆಯದು, ಅಡ್ಡ ಬೀಳುವುದು ಬೇಡ. ಒಂದೊಂದನ್ನೇ ನೋಡಿ ಆರಿಸಿ ಬುಟ್ಟಿಗೆ ಹಾಕಿಕೊಂಡಳು. ಮೊಳಕೆ ಬಂದು, ಚೀಲಕ್ಕೆ ಹೋಗಿ, ನೆಡುವ ಸಸಿಯಾಗಲು ಒಂದೂವರೆ ವರ್ಷ. ನೆಟ್ಟ ಮೇಲೆ ಫಸಲಿಗೆ ಐದಾರು ವರ್ಷ. ನನಗೆ ಈಗ ಅರವತ್ತೆಂಟು.

ಎಷ್ಟು ಬೀಜ ಆಯಿತು ಎಂದು ಕೇಳಿದೆ. ಇನ್ನೂರ ನಲವತ್ತು ಎಂದಳು. ಇನ್ನೊಂದು ಕೊನೆ ಇದೆ, ಅದನ್ನೂ ಹಾಕೋಣ ಎಂದು ತರಲು ಹೋದಳು.